ಗೋಡೆಗೆ ಹೊದಿಕೆ: ಒಳಗೋ, ಹೊರಗೋ?

ಚಳಿಗೆ ಕಂಬಳಿ ಹೊದೆಯುವವನು ಅದನ್ನು ಅಂಗಿಯ ಮೇಲೆ ಹೊದೆಯಲೋ, ಅಂಗಿಯೊಳಗೆ ತುರುಕಿಕೊಳ್ಳಲೋ ಎಂದು ಯಾರನ್ನೂ ಕೇಳುವುದಿಲ್ಲ. ಆದರೆ ಮನೆಗೇ ಕಂಬಳಿ ಹೊದಿಸಬೇಕಾಗಿ ಬಂದಾಗ ಈ ಪ್ರಶ್ನೆ ಏಳುತ್ತದೆ. ಮನೆಯ ಯಜಮಾನರು ಒಂದು ಹೇಳುತ್ತಾರೆ, ಮೇಸ್ತ್ರಿ ಇನ್ನೊಂದು ಹೇಳುತ್ತಾನೆ, ಹಲಗೆ ಮಾರುವ ಅಂಗಡಿಯವರು ಮೂರನೆಯದನ್ನು ಹೇಳುತ್ತಾರೆ. ಗೋಡೆ ಒಮ್ಮೆ ಎದ್ದು ನಿಂತು ಗಿಲಾವಾದ ಮೇಲೆ ತಪ್ಪನ್ನು ತಿದ್ದುವುದು ಸುಲಭವಲ್ಲ. ಅದರ ಫಲವನ್ನು ಮೂವತ್ತು ನಲವತ್ತು ವರ್ಷ ಆ ಮನೆಯಲ್ಲಿ ಮಲಗುವವರು ಅನುಭವಿಸಬೇಕು. ಆದುದರಿಂದ ಈ ವಿಚಾರವಾಗಿ ತಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಮನೆಯ ಕಂಬಳಿ ಎಂದು ನಾನು ಹೇಳುತ್ತಿರುವುದು ಫೋಮ್ ಹಲಗೆಯನ್ನು. ಇದು ನಮಗೆ ಅಪರಿಚಿತವಾದ ವಸ್ತುವೇನಲ್ಲ. ಹೊಸ ಸಾಮಾನಿನ ಪೆಟ್ಟಿಗೆಯಲ್ಲಿ ಸುತ್ತಲೂ ಇಟ್ಟಿರುವ, ಗಣೇಶನ ಹಬ್ಬಕ್ಕೆ ಮಂಟಪ ಮಾಡಲು ಮಕ್ಕಳು ತರುವ ಬಿಳಿಯ ಥರ್ಮೋಕೋಲ್ ಈ ಕುಲಕ್ಕೆ ಸೇರಿದ್ದೇ. ಥರ್ಮೋಕೋಲಿನ ಮೂಲದ್ರವ್ಯವಾದ ಪಾಲಿಸ್ಟೈರೀನನ್ನೇ ಇನ್ನೊಂದು ಬಗೆಯಲ್ಲಿ ಒತ್ತಿ ತೆಗೆದರೆ ಹೆಚ್ಚು ಗಟ್ಟಿಯಾದ, ನೀರನ್ನು ಬಹಳ ಕಡಿಮೆ ಹೀರುವ ಹಲಗೆ ದೊರೆಯುತ್ತದೆ. ವ್ಯಾಪಾರದ ಮಾತಿನಲ್ಲಿ ಅದಕ್ಕೆ ಎಕ್ಸ್‌ಪಿಎಸ್ ಎಂದು ಹೆಸರು. ಮೂರನೆಯದು ಪಾಲಿಯುರೆಥೇನ್, ಫ್ರಿಜ್ಜಿನ ಗೋಡೆಯೊಳಗೆ ತುಂಬಿರುವುದು ಅದೇ. ಈ ಮೂರರ ಗುಟ್ಟೂ ಒಂದೇ. ಲೆಕ್ಕವಿಲ್ಲದಷ್ಟು ಸಣ್ಣ ಗುಳ್ಳೆಗಳಲ್ಲಿ ಗಾಳಿಯೋ ಬೇರೊಂದು ಅನಿಲವೋ ಅಲುಗಾಡದೆ ಸೆರೆಸಿಕ್ಕಿರುತ್ತದೆ. ಅಲುಗಾಡದ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಒಂದು ಅಂಗುಲ ಥರ್ಮೋಕೋಲ್ ಶಾಖಕ್ಕೆ ಒಡ್ಡುವ ತಡೆಯನ್ನು ಇಟ್ಟಿಗೆಯಿಂದ ಪಡೆಯಬೇಕಾದರೆ ಸುಮಾರು 20 ಅಂಗುಲ ದಪ್ಪದ ಗೋಡೆ ಬೇಕು. ನಮ್ಮ ಸಾಮಾನ್ಯ 9 ಅಂಗುಲದ ಗೋಡೆಗೆ ಒಂದೇ ಅಂಗುಲದ ಹಲಗೆ ಸೇರಿಸಿದರೆ, ಅದರ ಮೂಲಕ ಹರಿಯುವ ಶಾಖ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಶಾಖದ ಹರಿವನ್ನಷ್ಟೇ ಲೆಕ್ಕ ಹಾಕಿದರೆ ಈ ಹಲಗೆ ಒಳಗಿದ್ದರೂ ಒಂದೇ, ಹೊರಗಿದ್ದರೂ ಒಂದೇ. ಕಾಗದದ ಮೇಲಿನ ಗುಣಾಕಾರ ಭಾಗಾಕಾರಗಳಿಗೆ ಜಾಗದ ಗೊಡವೆಯಿಲ್ಲ. ಆದರೆ ಗೋಡೆಯ ಬಾಳಿಗೆ, ಒಳಗೆ ವಾಸಿಸುವವರ ಸುಖಕ್ಕೆ ಜಾಗವೇ ಮುಖ್ಯ. ಏಕೆ ಎಂಬುದನ್ನು ತಿಳಿಯಲು ಮೊದಲು ಈ ವಿದ್ಯೆ ಹೆಚ್ಚಾಗಿ ಬೆಳೆದ ಚಳಿಯ ದೇಶಗಳಿಗೆ ಹೋಗಿ, ಆಮೇಲೆ ನಮ್ಮ ಬಿಸಿಲಿನ ಊರುಗಳಿಗೆ ಬರೋಣ.

ಅಮೆರಿಕ, ಕೆನಡಾಗಳಲ್ಲಿ ಬಹುಪಾಲು ಮನೆಗಳ ಗೋಡೆ ಇಟ್ಟಿಗೆಯದಲ್ಲ, ಮರದ್ದು. ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ಮರದ ಕಂಬಗಳನ್ನು ನಿಲ್ಲಿಸಿ, ಹೊರಗಡೆ ಹಲಗೆ ಬಡಿದು, ಕಂಬಗಳ ನಡುವೆ ಗಾಜಿನ ಉಣ್ಣೆಯನ್ನು ತುಂಬಿ, ಒಳಗಡೆ ಜಿಪ್ಸಂ ಹಲಗೆ ಹಾಕಿ ಬಣ್ಣ ಬಳಿಯುತ್ತಾರೆ. ಕಂಬ, ತೊಲೆ, ಬಾಗಿಲು ಕಿಟಕಿಗಳ ಚೌಕಟ್ಟು ಎಲ್ಲ ಸೇರಿ ಗೋಡೆಯ ಸುಮಾರು ಕಾಲುಭಾಗ ಬರಿಯ ಮರವೇ ಆಗಿರುತ್ತದೆ. ಮರದ ಮೂಲಕ ಶಾಖ ಗಾಜಿನ ಉಣ್ಣೆಗಿಂತ ಸುಮಾರು ಮೂರು ಪಟ್ಟು ಸಲೀಸಾಗಿ ಹರಿದುಹೋಗುತ್ತದೆ. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ಹೀಗಾಗಿ ಕಂಬಗಳನ್ನೂ ಮುಚ್ಚುವಂತೆ, ಎಲ್ಲಿಯೂ ಕಡಿಯದಂತೆ ಗೋಡೆಯ ಒಂದು ಮೈಗೆ ಫೋಮ್ ಹಲಗೆಯನ್ನು ಹೊದಿಸುವ ಪದ್ಧತಿ ಬಂದಿತು. ಎಡೆಬಿಡದ ಹೊದಿಕೆ ಎಂಬುದೇ ಇದರ ತಿರುಳು.

ಇನ್ನು, ಯಾವ ಮೈಗೆ? ಇಲ್ಲಿ ನೀರಾವಿಯ ಕಥೆ ಬರುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದನ್ನು ನಾವೆಲ್ಲರೂ ನೋಡಿದ್ದೇವೆ. ಆ ನೀರು ಲೋಟದಿಂದ ಜಿನುಗಿದ್ದಲ್ಲ. ಸುತ್ತಲಿನ ಗಾಳಿಯ ಆವಿ ತಣ್ಣನೆಯ ಮೈಯನ್ನು ಮುಟ್ಟಿ ನೀರಾದದ್ದು. ಅಡಿಗೆ, ಸ್ನಾನ, ಉಸಿರಾಟಗಳಿಂದ ಮನೆಯೊಳಗಿನ ಗಾಳಿಯಲ್ಲಿ ಆವಿ ಸದಾ ಇರುತ್ತದೆ. ಒಳಗೆ 21 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇಕಡ 40 ತೇವ ಇರುವ ಗಾಳಿ 7 ಡಿಗ್ರಿಯ ಮೈಯನ್ನು ಮುಟ್ಟಿದರೆ ಸಾಕು, ಇಬ್ಬನಿ ಕಟ್ಟತೊಡಗುತ್ತದೆ. ಹೊರಗೆ ಹಿಮ ಬೀಳುತ್ತಿರುವ ಊರಿನಲ್ಲಿ ಫೋಮನ್ನು ಒಳಗಡೆ ಹಾಕಿದರೆಂದು ಭಾವಿಸಿ. ಆಗ ಮನೆಯ ಶಾಖ ಹೊರಗಿನ ಮರದ ಹಲಗೆಯನ್ನು ತಲಪುವುದಿಲ್ಲ. ಹಲಗೆ ಹೊರಗಿನಷ್ಟೇ ಕೊರೆಯುತ್ತಿರುತ್ತದೆ. ಫೋಮಿನ ಸಂದುಗಳಲ್ಲಿ, ವಿದ್ಯುತ್ ಪೆಟ್ಟಿಗೆಗಳ ರಂಧ್ರಗಳಲ್ಲಿ ನುಸುಳಿದ ಬೆಚ್ಚನೆಯ ಗಾಳಿ ಅದಕ್ಕೆ ತಾಗಿ ನೀರಾಗುತ್ತದೆ. ಮೊದಲು ಬೂಷ್ಟು, ಆಮೇಲೆ ಕೊಳೆತ. ಮನೆಯವರಿಗೆ ಇದು ಕಾಣುವುದೂ ಇಲ್ಲ. ಗೋಡೆಯೊಳಗೆ ನಡೆಯುವ ವ್ಯವಹಾರವಿದು.

ಫೋಮನ್ನು ಹೊರಗಡೆ ಹಾಕಿದರೆ ಲೆಕ್ಕ ತಲೆಕೆಳಗಾಗುತ್ತದೆ. ಮರವೆಲ್ಲ ಕಂಬಳಿಯ ಒಳಗಾಗುತ್ತದೆ, ಬೆಚ್ಚಗಿರುತ್ತದೆ. ಬೆಚ್ಚಗಿರುವ ಮೈಯ ಮೇಲೆ ಇಬ್ಬನಿ ಕಟ್ಟುವುದಿಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ನೀಲ್ ಹಚಿಯನ್ ಎಂಬ ವಿಜ್ಞಾನಿ 1964ರಲ್ಲಿ ಬರೆದ ಒಂದು ಚಿಕ್ಕ ಪತ್ರಿಕೆಯಲ್ಲಿ ಕಲ್ಲುಕಟ್ಟಡದ ಗೋಡೆಗೆ ಇದೇ ತತ್ತ್ವವನ್ನು ಅನ್ವಯಿಸಿದರು. ಗೋಡೆಯ ಒಳಮೈಯಲ್ಲಿದ್ದ ನಿರೋಧಕವನ್ನು ಹೊರಕ್ಕೆ ಸಾಗಿಸಿದರೆ ತೊಂದರೆಗಳು ಹೇಗೆ ಒಂದೊಂದಾಗಿ ಕಳಚಿಕೊಳ್ಳುತ್ತವೆ ಎಂಬುದನ್ನು ಅವರು ತೋರಿಸಿಕೊಟ್ಟರು: ಗೋಡೆ ಹಿಗ್ಗಿ ಕುಗ್ಗುವುದು ಕಡಿಮೆ, ನೀರು ಹೆಪ್ಪುಗಟ್ಟಿ ಕಲ್ಲು ಸೀಳುವುದು ಕಡಿಮೆ, ತೇವ ಕಡಿಮೆ. ಇದನ್ನೇ ನಾನು ಮನೆಮಾತಿನಲ್ಲಿ ಹೇಳುವುದಾದರೆ, ಗೋಡೆಯನ್ನೂ ಮನೆಯವರಲ್ಲಿ ಒಬ್ಬನೆಂದು ಎಣಿಸಬೇಕು. ನಾವಷ್ಟೇ ಕಂಬಳಿಯೊಳಗೆ ಮಲಗಿ, ಗೋಡೆಯನ್ನು ಚಳಿಯಲ್ಲಿ, ಬಿಸಿಲಿನಲ್ಲಿ ಹೊರಗೆ ನಿಲ್ಲಿಸಬಾರದು.

ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಕಂಬಗಳ ನಡುವೆ ದಪ್ಪನಾಗಿ ಉಣ್ಣೆ ತುಂಬಿ, ಹೊರಗೆ ಮಾತ್ರ ತೆಳ್ಳಗೆ ಅರ್ಧ ಅಂಗುಲ ಫೋಮ್ ಹಾಕಿದರೆ, ಮರ ಬೆಚ್ಚಗಾಗುವಷ್ಟು ಹೊದಿಕೆಯೂ ಇಲ್ಲ, ಒಳಗೆ ಸೇರಿದ ತೇವ ಹೊರಕ್ಕೆ ಆರಿಹೋಗಲು ದಾರಿಯೂ ಇಲ್ಲ ಎಂಬಂತಾಗುತ್ತದೆ. ಆದುದರಿಂದಲೇ ಅಮೆರಿಕದ ವಾಸದ ಮನೆಗಳ ಕಟ್ಟಡ ನಿಯಮಾವಳಿ, ಒಳಗೋಡೆಗೆ ಸಾಮಾನ್ಯ ಬಣ್ಣವಷ್ಟೇ ಇರುವ ಮನೆಗಳಲ್ಲಿ ಹೊರಗಿನ ಫೋಮ್ ಕನಿಷ್ಠ ಎಷ್ಟಿರಬೇಕೆಂದು ಊರಿನ ಚಳಿಯನ್ನು ನೋಡಿ ಗೊತ್ತುಮಾಡಿದೆ. ಐದೂವರೆ ಅಂಗುಲ ಆಳದ ಕಂಬಗಳ ಗೋಡೆಗೆ ಎಕ್ಸ್‌ಪಿಎಸ್ ಹಲಗೆಯ ಲೆಕ್ಕದಲ್ಲಿ ಶಿಕಾಗೋ ನಗರದಲ್ಲಿ ಒಂದೂವರೆ ಅಂಗುಲ, ಮಿನಿಯಾಪೊಲಿಸ್‌ನಲ್ಲಿ ಎರಡೂಕಾಲು ಅಂಗುಲ, ಅದಕ್ಕೂ ಉತ್ತರದ ಡುಲುತ್‌ನಲ್ಲಿ 3 ಅಂಗುಲ. ಚಳಿ ಹೆಚ್ಚಿದಷ್ಟೂ ಹೊರಗಿನ ಪಾಲು ಹೆಚ್ಚಬೇಕು. ಜೊತೆಗೆ, ಹೊರಗೆ ಫೋಮ್ ಹಾಕಿದವರು ಒಳಗೂ ಪ್ಲಾಸ್ಟಿಕ್ ಹಾಳೆ ಬಡಿದು ಎರಡೂ ಕಡೆ ಬಾಯಿಕಟ್ಟಬಾರದು. ಗೋಡೆಗೆ ಒಂದು ಕಡೆಯಾದರೂ ಉಸಿರಾಡುವ ದಾರಿ ಇರಬೇಕು. ಆ ಊರುಗಳಲ್ಲಿ ಮನೆಮಾಡಿರುವ ನಮ್ಮ ಮಕ್ಕಳು, ಬಂಧುಗಳು ಹಳೆಯ ಮನೆ ಕೊಂಡು ದುರಸ್ತಿ ಮಾಡಿಸುವಾಗ ಈ ಮಾತನ್ನು ಅವರಿಗೆ ತಿಳಿಸಿದರೆ ಉಪಕಾರವಾದೀತು.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಹಿಮವಿಲ್ಲ, ಕೊಳೆಯುವ ಮರದ ಗೋಡೆಯೂ ಇಲ್ಲ. ಇಲ್ಲಿರುವುದು ಇಟ್ಟಿಗೆ, ಕಲ್ಲು, ಕಾಂಕ್ರೀಟು ಮತ್ತು ಬಿಸಿಲು. ಆದರೂ ಉತ್ತರ ಅದೇ, ಕಾರಣ ಮಾತ್ರ ಬೇರೆ. ದಪ್ಪನೆಯ ಗೋಡೆ ಶಾಖದ ಕಣಜವಿದ್ದಂತೆ; ತುಂಬಲೂ ಹೊತ್ತು ಬೇಕು, ಬರಿದಾಗಲೂ ಹೊತ್ತು ಬೇಕು. ಬಿಸಿ 9 ಅಂಗುಲದ ಇಟ್ಟಿಗೆ ಗೋಡೆಯನ್ನು ಹಾದು ಒಳಮೈಗೆ ಬರಲು ಸುಮಾರು ಆರರಿಂದ ಎಂಟು ಗಂಟೆ ಹಿಡಿಯುತ್ತದೆ. ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಪಡುವಣ ಗೋಡೆಗೆ ಮಧ್ಯಾಹ್ನ ಮೂರಕ್ಕೆ ಬಡಿದ ಬಿಸಿಲು, ರಾತ್ರಿ ಹತ್ತರ ಮೇಲೆ ಮಂಚದ ಪಕ್ಕದಲ್ಲಿ ಮೈಚಾಚುತ್ತದೆ. ಹೊರಗೆ ಗಾಳಿ ತಂಪಾಗಿದ್ದರೂ ಕೋಣೆಯಲ್ಲಿ ನಿದ್ದೆ ಬಾರದಿರುವುದಕ್ಕೆ ಕಾರಣ ಇದೇ. ವಯಸ್ಸಾದವರಿಗೆ, ಹಸುಗೂಸುಗಳಿಗೆ ಇದು ಬರಿಯ ಅನಾನುಕೂಲವಲ್ಲ. ದೇಹ ಹಗಲಿನ ಬಿಸಿಯಿಂದ ಚೇತರಿಸಿಕೊಳ್ಳಬೇಕಾದ ಹೊತ್ತೇ ರಾತ್ರಿ.

ಫೋಮನ್ನು ಈ ಗೋಡೆಯ ಹೊರಮೈಗೆ ಹೊದಿಸಿದರೆ ಬಿಸಿಲು ಕಣಜದ ಬಾಗಿಲಲ್ಲೇ ತಡೆಯಲ್ಪಡುತ್ತದೆ. ಇಟ್ಟಿಗೆ ಒಳಗಿನ ನೆರಳಿಗೆ ಸೇರುತ್ತದೆ. ರಾತ್ರಿ ಕಿಟಕಿ ತೆರೆದು ತಂಪು ಗಾಳಿ ಬಿಟ್ಟರೆ ಗೋಡೆ ಆ ತಂಪನ್ನು ಕೂಡಿಟ್ಟುಕೊಂಡು ಮರುದಿನ ಹಗಲಿಗೆ ಕೊಡುತ್ತದೆ. ಅದೇ ಫೋಮನ್ನು ಒಳಮೈಗೆ ಹಚ್ಚಿದರೆ ಬಿಸಿಲಿನ ಶಾಖವೇನೋ ತಡೆಯುತ್ತದೆ. ಆದರೆ ಕೋಣೆಗೂ ಗೋಡೆಗೂ ಇದ್ದ ನಂಟು ಕಡಿದುಹೋಗುತ್ತದೆ. ಕಿಟಕಿಯಿಂದ, ಒಲೆಯಿಂದ, ಜನರಿಂದ ಹುಟ್ಟಿದ ಬಿಸಿಯನ್ನು ಹೀರಿಕೊಳ್ಳಲು ಯಾರೂ ಇಲ್ಲದೆ ಕೋಣೆಯ ಗಾಳಿ ಬೇಗ ಕಾಯುತ್ತದೆ. ಒಂದು ಮಾತು ನೆನಪಿರಲಿ: ಹೊರಗೆ ಹೊದಿಕೆ ಹಾಕಿಸಿದವರು ರಾತ್ರಿಯೂ ಕಿಟಕಿ ಮುಚ್ಚಿಕೊಂಡರೆ, ಒಳಗೆ ಹುಟ್ಟಿದ ಬಿಸಿ ಹೊರಹೋಗಲಾರದೆ ಉಳಿಯುತ್ತದೆ. ಕಂಬಳಿ ಎಂದಿಗೂ ಕಂಬಳಿಯೇ. ಅದಕ್ಕೆ ಬೇಸಗೆ ಚಳಿಗಾಲಗಳ ಭೇದ ತಿಳಿಯದು. ಸೊಳ್ಳೆಯ ಕಾಟವಿದ್ದಲ್ಲಿ ಕಿಟಕಿಗೆ ಜಾಲರಿ ಹಾಕಿಸುವ ವೆಚ್ಚವನ್ನೂ ಇದರ ಲೆಕ್ಕಕ್ಕೇ ಸೇರಿಸಿಕೊಳ್ಳಬೇಕು.

ಆದರೆ ಗೋಡೆಗಿಂತ ಮುಂಚೆ ತಾರಸಿಯ ಕಡೆ ನೋಡಬೇಕು. ನೆತ್ತಿಯ ಸೂರ್ಯ ದಿನವೆಲ್ಲ ಕಾಯಿಸುವುದು ಅದನ್ನೇ. ಭಾರತ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ ಹೊರತಂದ ಇಕೋ ನಿವಾಸ ಸಂಹಿತೆಯ ಪ್ರಕಾರ ಮನೆಯ ಚಾವಣಿಯ ಮೂಲಕ, ಒಳಹೊರಗುಗಳ ನಡುವಣ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ ಪ್ರತಿ ಚದರ ಮೀಟರಿನಲ್ಲಿ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಹರಿಯಬಾರದು. ಬರಿಯ ಕಾಂಕ್ರೀಟು ತಾರಸಿಯಲ್ಲಿ ಇದು 3 ವ್ಯಾಟ್‌ಗೂ ಹೆಚ್ಚು. ಎರಡು ಅಂಗುಲದ ಎಕ್ಸ್‌ಪಿಎಸ್ ಹಲಗೆ ಹಾಸಿದರೆ ಸುಮಾರು ಅರ್ಧ ವ್ಯಾಟಿಗೆ ಇಳಿಯುತ್ತದೆ. ಇಲ್ಲಿಯೂ ಜಾಗ ಮೇಲುಗಡೆಯೇ. ತಾರಸಿಗೆ ನೀರು ಸೋರದ ಲೇಪ ಬಳಿದು, ಅದರ ಮೇಲೆ ಹಲಗೆ ಹಾಸಿ, ಅದರ ಮೇಲೆ ಗಾರೆ ಮತ್ತು ಬಿಲ್ಲೆಗಳನ್ನು ಹಾಕುವುದು ಒಳ್ಳೆಯ ಕ್ರಮ. ಹೀಗೆ ಮಾಡಿದರೆ ಕಾಂಕ್ರೀಟು ಹಗಲು ಹಿಗ್ಗಿ ರಾತ್ರಿ ಕುಗ್ಗುವುದು ತಪ್ಪಿ, ಬಿರುಕು ಮತ್ತು ಸೋರಿಕೆಗಳೂ ಕಡಿಮೆಯಾಗುತ್ತವೆ. ನಮ್ಮ ಬಯಲುಸೀಮೆಯ ಹಿರಿಯರು ಮಾಳಿಗೆ ಮನೆಯ ತೊಲೆಗಳ ಮೇಲೆ ದಪ್ಪನಾಗಿ ಮಣ್ಣು ಹಾಕಿಸುತ್ತಿದ್ದರಲ್ಲ, ಅವರ ಹೊದಿಕೆಯೂ ಮೇಲುಗಡೆಯೇ ಇತ್ತು. ಇಷ್ಟಕ್ಕೆ ಕೈಯಲ್ಲಿ ಹಣವಿಲ್ಲದಿದ್ದರೆ ತಾರಸಿಗೆ ಬಿಳಿ ಸುಣ್ಣ ಬಳಿಯುವುದು, ಪಡುವಣ ಗೋಡೆಗೆ ನೆರಳು ಮಾಡುವುದು, ಕಿಟಕಿಗಳ ಮೇಲೆ ಸಜ್ಜಾ ಇಳಿಸುವುದು ಮೊದಲ ಮೆಟ್ಟಿಲು. ಬೆಂಗಳೂರು, ಮೈಸೂರುಗಳಂಥ ಹಿತವಾದ ಹವೆಯ ಊರುಗಳಲ್ಲಿ ಅನೇಕ ಮನೆಗಳಿಗೆ ಇಷ್ಟೇ ಸಾಕಾಗಬಹುದು. ಅಲ್ಲಿ ಗೋಡೆಗೂ ಫೋಮ್ ಬೇಕೇ ಬೇಕೆಂದು ನಾನು ಒತ್ತಾಯಿಸಲಾರೆ.

ಹಾಗಾದರೆ ಒಳಗೆ ಹಾಕುವುದು ಎಂದಿಗೂ ಸಲ್ಲದೆ? ಹಾಗೇನಿಲ್ಲ. ದೊಡ್ಡ ವಸತಿ ಕಟ್ಟಡದಲ್ಲಿ ಒಂದು ಮನೆ ಕೊಂಡವರು ಹೊರಗೋಡೆಯನ್ನು ಮುಟ್ಟುವಂತಿಲ್ಲ. ಹಳೆಯ ಕೆತ್ತನೆಯ ಕಲ್ಲುಮನೆಯ ಹೊರಮೈಯನ್ನು ಮುಚ್ಚುವುದು ಅನ್ಯಾಯ. ದಿನಕ್ಕೆ ಎರಡು ಮೂರು ಗಂಟೆ ಮಾತ್ರ ಏರ್ ಕಂಡೀಷನರ್ ಹಾಕುವ ಕೋಣೆಯಲ್ಲಿ ದಪ್ಪ ಗೋಡೆಯನ್ನು ತಣಿಸುವುದರಲ್ಲೇ ಬಹಳ ವಿದ್ಯುತ್ತು ಖರ್ಚಾಗುತ್ತದೆ. ಅಲ್ಲಿ ಒಳಗಿನ ಹೊದಿಕೆ ಕೋಣೆಯನ್ನು ಬೇಗ ತಂಪು ಮಾಡುತ್ತದೆ. ಆದರೆ ಮಂಗಳೂರು, ಕಾರವಾರಗಳಂಥ ಕರಾವಳಿಯಲ್ಲಿ ಒಂದು ವಿಶೇಷವಿದೆ. ಚಳಿದೇಶದಲ್ಲಿ ಆವಿ ಒಳಗಿನಿಂದ ಹೊರಕ್ಕೆ ಹೋಗುತ್ತದೆ. ಇಲ್ಲಿ ಹೊರಗಿನಿಂದ ಒಳಕ್ಕೆ ಬರುತ್ತದೆ. 30 ಡಿಗ್ರಿ ಬಿಸಿ, ಶೇಕಡ 80 ತೇವದ ಗಾಳಿ 26 ಡಿಗ್ರಿಯ ಮೈಗೆ ತಾಗಿದರೂ ಬೆವರುತ್ತದೆ. ಕೋಣೆಯನ್ನು 22 ಡಿಗ್ರಿಗೆ ತಂಪು ಮಾಡಿ, ಗೋಡೆಗೆ ಪ್ಲಾಸ್ಟಿಕ್ಕಿನ ಅಂದದ ಕಾಗದ ಅಂಟಿಸಿದರೆ, ಆ ಕಾಗದದ ಹಿಂದೆ ಬೂಷ್ಟು ಬೆಳೆಯಲು ಹದವಾದ ಜಾಗ ಸಿದ್ಧವಾಯಿತು. ಅಲ್ಲಿ ಆವಿಯನ್ನು ತಡೆಯುವ ಪದರ ಹೊರಗಿರಬೇಕು. ಒಳಮೈಗೆ ಉಸಿರಾಡುವ ಗಿಲಾವು, ಉಸಿರಾಡುವ ಬಣ್ಣ ಬೇಕು.

ಗೋಡೆಯನ್ನು ಎರಡು ಪದರವಾಗಿ ಕಟ್ಟಿ ನಡುವೆ ಹಲಗೆ ಇಡುವುದು ಮೂರನೆಯ ಮಾರ್ಗ. ಹಲಗೆಗೆ ಬಿಸಿಲು ಮಳೆಗಳ ಪೆಟ್ಟು ತಗಲುವುದಿಲ್ಲ ಎಂಬುದು ಇದರ ಗುಣ. ಆದರೆ ಕಾಂಕ್ರೀಟು ಕಂಬ, ತೊಲೆಗಳಿರುವ ಮನೆಯಲ್ಲಿ ಅವು ಬಂದ ಕಡೆಗಳಲ್ಲೆಲ್ಲ ಹೊದಿಕೆ ಕಡಿದುಹೋಗುತ್ತದೆ. ಅಲ್ಲಿ ಶಾಖ ಸೇತುವೆ ದಾಟಿದಂತೆ ದಾಟುತ್ತದೆ.

ಹೊರಗೆ ಹಾಕುವುದೇ ಲೇಸೆಂದೆ; ಅದರ ಅಪಾಯಗಳನ್ನೂ ಹೇಳದಿದ್ದರೆ ನನ್ನ ಮಾತು ಅರ್ಧವಾದೀತು. ಮೊದಲನೆಯದು ನೀರು. ಅಮೆರಿಕದ ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ ಎಂಬ ಊರಿನಲ್ಲಿ ಫೋಮಿನ ಮೇಲೆ ತೆಳು ಗಿಲಾವು ಬಳಿದ ಅನೇಕ ಮರದ ಮನೆಗಳು, ಕಟ್ಟಿ ಕೆಲವೇ ವರ್ಷಗಳಾಗಿದ್ದರೂ ಒಳಗೊಳಗೇ ಕೊಳೆತಿರುವುದು 1990ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದಿತು. ಕಿಟಕಿಗಳ ಅಂಚಿನಲ್ಲಿ ನುಗ್ಗಿದ ಮಳೆನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ಎರಡನೆಯದು ಬೆಂಕಿ. ಫೋಮ್ ಉರಿಯುವ ವಸ್ತು. ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ 2017ರ ಜೂನ್ 14ರಂದು 72 ಮಂದಿಯನ್ನು ಬಲಿ ತೆಗೆದುಕೊಂಡ ಬೆಂಕಿ ಹೊರಗೋಡೆಯ ಹೊದಿಕೆಯನ್ನು ಹಿಡಿದು ಮೇಲೇರಿತು. ಪ್ಲಾಸ್ಟಿಕ್ ತಿರುಳಿನ ಅಲ್ಯೂಮಿನಿಯಂ ತಗಡುಗಳು ಅದಕ್ಕೆ ಮುಖ್ಯ ಕಾರಣವಾದರೆ, ಅವುಗಳ ಹಿಂದಿದ್ದ ಫೋಮ್ ಹಲಗೆಗಳೂ ಉರಿಗೆ ಕೂಡಿಕೊಂಡವು. ಎತ್ತರದ ಕಟ್ಟಡಗಳಿಗೆ ಉರಿಯದ ಕಲ್ಲುನಾರಿನ ಹಲಗೆಯೇ ತಕ್ಕುದು. ಮನೆಯೊಳಗೆ ಹಾಕುವ ಫೋಮನ್ನಂತೂ ಜಿಪ್ಸಂ ಹಲಗೆಯಿಂದಲೋ ಗಿಲಾವಿನಿಂದಲೋ ಮುಚ್ಚದೆ ಬಿಡಬಾರದು. ಮೂರನೆಯದು ನಮಗೆ ಚೆನ್ನಾಗಿ ಗೊತ್ತಿರುವ ಗೆದ್ದಲು. ಅದಕ್ಕೆ ಫೋಮ್ ಆಹಾರವಲ್ಲ, ಆದರೆ ಕಣ್ಣಿಗೆ ಬೀಳದೆ ಬಾಗಿಲು ಕಿಟಕಿಗಳ ಮರಕ್ಕೆ ಹೋಗಲು ಒಳ್ಳೆಯ ಸುರಂಗ. ಗೆದ್ದಲು ಬಹಳವಿರುವ ಪ್ರದೇಶಗಳಲ್ಲಿ ಹಲಗೆ ನೆಲದಿಂದ ಕನಿಷ್ಠ 6 ಅಂಗುಲ ಮೇಲಿರಬೇಕೆಂದು ಅಮೆರಿಕದ ನಿಯಮವಿದೆ. ನಾವೂ ಅದನ್ನು ಪಾಲಿಸುವುದು ಕ್ಷೇಮ.

ಹಾಗಾಗಿ ಕೆಲಸಕ್ಕೆ ಮುಂಗಡ ಕೊಡುವ ಮುನ್ನ ಗುತ್ತಿಗೆದಾರರನ್ನು ನಾಲ್ಕು ಪ್ರಶ್ನೆ ಕೇಳಿ. ಹೊದಿಕೆ ಕಂಬ, ತೊಲೆಗಳ ಮೇಲೂ ಕಡಿಯದೆ ಹಾಯುತ್ತದೆಯೆ? ಮಳೆನೀರು ಹಿಂದೆ ಸೇರಿದರೆ ಯಾವ ದಾರಿಯಲ್ಲಿ ಹೊರಬರುತ್ತದೆ? ತೇವಗೊಂಡ ಗೋಡೆ ಯಾವ ಕಡೆಗೆ ಆರುತ್ತದೆ? ಬೆಂಕಿ ತಗಲಿದರೆ ಏನು ಗತಿ? ಈ ನಾಲ್ಕಕ್ಕೂ ನೇರವಾದ ಉತ್ತರ ಕೊಡಬಲ್ಲವರಿಗೆ ಕೆಲಸವನ್ನು ಒಪ್ಪಿಸಬಹುದು. ಉತ್ತರ ಬಾರದಿದ್ದರೆ ಈ ಬೇಸಗೆಯನ್ನು ತಾರಸಿಯ ಸುಣ್ಣದಲ್ಲೇ ಕಳೆದು, ಮುಂದಿನ ವರ್ಷ ತಿಳಿದವರಿಂದ ಮಾಡಿಸುವುದು ಜಾಣತನ. ಅವಸರದಲ್ಲಿ ಹೊದಿಸಿದ ಕಂಬಳಿಯನ್ನು ಗೋಡೆ ತಾನಾಗಿ ಕೊಡವಿಕೊಳ್ಳಲಾರದು.